ಒಂದು ಕೀ, ಹತ್ತು ಚಿತ್ರ: ಇಮೇಜ್‌ಮೇಕಿಂಗ್ ಕಲಿಯೋದು ಹೇಗೆ?



ಕ್ಯಾಂಪಸ್‌ನ ನೋಟಿಸ್ ಬೋರ್ಡ್ ಮುಂದೆ ಒಂದು ನಿಮಿಷ ನಿಂತು ನೋಡಿ. ಹ್ಯಾಕಥಾನ್ ಅಂದ್ರೆ ನೀಲಿ ಹಿನ್ನೆಲೆ, ಅದರ ಮೇಲೆ ಸರ್ಕ್ಯೂಟ್ ಗೆರೆಗಳು. ರಕ್ತದಾನ ಶಿಬಿರ ಅಂದ್ರೆ ಒಂದು ಕೆಂಪು ಹನಿ. ರಾಜ್ಯೋತ್ಸವ ಅಂದ್ರೆ ಹಳದಿ-ಕೆಂಪು ಬಣ್ಣ, ಕರ್ನಾಟಕದ ನಕ್ಷೆ, ಕೆಳಗೆ ಸಮಯ ಮತ್ತು ಸ್ಥಳ. ದಿನಾಂಕ ಒಂದನ್ನ ಬದಲಿಸಿದರೆ ಹೋದ ವರ್ಷದ ಪೋಸ್ಟರ್ ಈ ವರ್ಷಕ್ಕೂ ನಡೆಯುತ್ತೆ. ಮಾಡಿದವರಿಗೆ ಶ್ರದ್ಧೆ ಇಲ್ಲ ಅಂತಲ್ಲ. ನಾವು ಚಿತ್ರವನ್ನ ಹುಡುಕ್ತೀವಿ, ಮಾಡೋದಿಲ್ಲ, ಅಷ್ಟೇ. ಸರ್ಚ್‌ನಲ್ಲಿ ಮೊದಲು ಬರೋ ಚಿತ್ರ ಎಲ್ಲರಿಗೂ ಒಂದೇ, ಹಾಗಾಗಿ ಪೋಸ್ಟರೂ ಒಂದೇ. ನೋಡುವವರಿಗೆ ಅದು ಗೊತ್ತಾಗಿಬಿಡುತ್ತೆ, ಅವರು ನಿಲ್ಲೋದೇ ಇಲ್ಲ.

ಚಿತ್ರವನ್ನ ಕೈಯಾರೆ ಮಾಡೋದನ್ನ ಕಲಿಸೋ ಒಂದು ಆನ್‌ಲೈನ್ ಕೋರ್ಸ್ ಇದೆ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನವರು ಕೋರ್ಸೆರಾದಲ್ಲಿ ನಡೆಸುವ ಗ್ರಾಫಿಕ್ ಡಿಸೈನ್ ಸರಣಿಯಲ್ಲಿ ಬರೋ 'ಇಂಟ್ರೊಡಕ್ಷನ್ ಟು ಇಮೇಜ್‌ಮೇಕಿಂಗ್'. ಪಾಠ ಮಾಡೋರು ಗೇಲ್ ಸ್ವಾನ್‌ಲಂಡ್. ಈ ಕೋರ್ಸ್ ಮಾಡೋಕೆ ಡ್ರಾಯಿಂಗ್ ಚೆನ್ನಾಗಿ ಬರಬೇಕು ಅಂತೇನಿಲ್ಲ. ನಾನು ಈ ಲೇಖನದಲ್ಲಿ ಕೋರ್ಸಿನ ನೋಟ್ಸ್ ಕೊಡ್ತಾ ಇಲ್ಲ. ಅಂಥ ಕಲಿಕೆಯ ತಿರುಳನ್ನ ನಮ್ಮ ಹಾಸ್ಟೆಲ್ ರೂಮು ಮತ್ತು ಲ್ಯಾಬಿನಲ್ಲಿ ಸಿಗೋ ಸಾಮಾನಿನಲ್ಲೇ ಹೇಗೆ ಮಾಡಬಹುದು ಅಂತ ಹೇಳ್ತೀನಿ.

ಒಂದು ವಸ್ತು, ಒಂದು ವೇರಿಯಬಲ್

ಪ್ರಯೋಗ ಅನ್ನೋ ಪದ ನಮಗೆ ಹೊಸದಲ್ಲ. ಫಿಸಿಕ್ಸ್ ಲ್ಯಾಬಿನಲ್ಲಿ ಒಂದನ್ನ ಬದಲಿಸಿ ಉಳಿದದ್ದನ್ನ ಹಾಗೇ ಇಟ್ಟು, ಏನಾಯ್ತು ಅಂತ ರೆಕಾರ್ಡಿನಲ್ಲಿ ಬರೀತೀವಿ. ಇಲ್ಲೂ ಅದೇ. ಒಂದು ಸಾಮಾನ್ಯ ವಸ್ತು ಆರಿಸಿಕೊಳ್ಳಿ. ನಾನು ರೂಮಿನ ಬೀಗದ ಕೀ ತಗೊಂಡೆ. ವಸ್ತು ಬದಲಾಗಬಾರದು, ಮಾಡೋ ವಿಧಾನ ಮಾತ್ರ ಬದಲಾಗಬೇಕು. ಆಗ ಬರೋ ವ್ಯತ್ಯಾಸವೆಲ್ಲ ವಿಧಾನದ್ದೇ.

ಇದಕ್ಕೆ ಎರಡು ಮಾತು ತಿಳ್ಕೊಂಡ್ರೆ ಸಾಕು. ಚಿತ್ರದಲ್ಲಿ ಏನಿದೆ ಅನ್ನೋದು ಒಂದು, ಅದು ಏನನ್ನ ನೆನಪಿಸುತ್ತೆ ಅನ್ನೋದು ಇನ್ನೊಂದು. ನಮ್ಮ ಕಾವ್ಯಮೀಮಾಂಸೆಯಲ್ಲಿ ವಾಚ್ಯಾರ್ಥ, ಧ್ವನಿ ಅಂತ ಹೇಳ್ತಾರಲ್ಲ, ಅದಕ್ಕೆ ಹತ್ತಿರ. ಕೀ ಅಂದ್ರೆ ಲೋಹದ ತುಂಡು, ಇದು ವಾಚ್ಯಾರ್ಥ. ಮನೆ, ಗುಟ್ಟು, ಕಾವಲು, ಊರಿಂದ ದೂರ ಬಂದು ಮೊದಲ ಸಲ ಕೈಗೆ ಸಿಕ್ಕ ಸ್ವಂತ ರೂಮು, ಇವೆಲ್ಲ ಧ್ವನಿ. ಅದೇ ಕೀಯನ್ನ ಬೇರೆ ಬೇರೆ ವಿಧಾನದಲ್ಲಿ ಮಾಡಿದಾಗ ವಾಚ್ಯಾರ್ಥ ಹಾಗೇ ಇರುತ್ತೆ, ಧ್ವನಿ ಬದಲಾಗ್ತಾ ಹೋಗುತ್ತೆ. ಈ ಪಾಠದಲ್ಲಿ ಕಲಿಯಬೇಕಾದ್ದು ಇದೇ.

ವಿಧಾನ 1: ಉಜ್ಜೋದು

ಕೀ ಮೇಲೆ ತೆಳು ಪೇಪರ್ ಇಟ್ಟು ಪೆನ್ಸಿಲನ್ನ ಅಡ್ಡ ಹಿಡಿದು ಉಜ್ಜಿ. ಚಿಕ್ಕವರಿದ್ದಾಗ ನಾಣ್ಯಕ್ಕೆ ಮಾಡ್ತಿದ್ವಲ್ಲ, ಅದೇ ಆಟ. ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ಹಲಗೆಯ ನೆಲದ ಮೇಲೆ ಹೀಗೇ ಉಜ್ಜಿ ಅದರಿಂದ ಕಾಡು, ಹಕ್ಕಿಗಳನ್ನ ಹೊರತೆಗೆಯೋಕೆ ಶುರು ಮಾಡಿದ. ಫ್ರೆಂಚಿನಲ್ಲಿ ಇದಕ್ಕೆ ಫ್ರೊಟಾಜ್ ಅಂತಾರೆ.

ಇದರ ಹತ್ತಿರದ ನೆಂಟ ನಮ್ಮಲ್ಲೇ ಇದ್ದಾನೆ. ಶಾಸನ ತಜ್ಞರು ಕಲ್ಲಿನ ಮೇಲಿನ ಅಕ್ಷರದ ಪಡಿಯಚ್ಚು ತೆಗೆಯೋದು ಹೀಗೆ: ಒದ್ದೆ ಕಾಗದವನ್ನ ಶಾಸನಕ್ಕೆ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಹಳ್ಳಕ್ಕೆ ಇಳಿಸ್ತಾರೆ, ಆಮೇಲೆ ಮೇಲಿಂದ ಶಾಯಿ ಒತ್ತುತಾರೆ. ಹಳ್ಳದ ಅಕ್ಷರ ಬಿಳಿಯಾಗಿ, ಸುತ್ತಲ ಕಲ್ಲು ಕಪ್ಪಾಗಿ ಬರುತ್ತೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದಂಥ ಕೆಲಸದ ಹಿಂದೆ ಊರೂರು ಸುತ್ತಿ ಶಾಸನಗಳನ್ನ ಪ್ರತಿ ಮಾಡಿಕೊಂಡವರ ಶ್ರಮ ಇದೆ.

ಹೀಗೆ ಉಜ್ಜಿ ತೆಗೆದ ಕೀ ನೋಡಿದರೆ ಎಲ್ಲೋ ಅಗೆದು ಸಿಕ್ಕಿದ ಹಳೇ ವಸ್ತು ಥರ ಕಾಣುತ್ತೆ. ಪೆನ್ಸಿಲ್ ಬದಲು ಕ್ರೇಯಾನ್, ಬಳಪ, ಇದ್ದಿಲು ಹಿಡಿದು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ವಿಧಾನ 2: ಸ್ಕ್ಯಾನರ್ ಮೇಲೆ ಎಳೆಯೋದು

ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಜೆರಾಕ್ಸ್ ಚಿತ್ರ ತೆಗೆದ. ಅದರಲ್ಲಿ ಇದ್ದದ್ದು ಆ ದಿನಾಂಕ ಮತ್ತು ಅಸ್ಟೋರಿಯಾ ಅನ್ನೋ ಜಾಗದ ಹೆಸರು, ಅಷ್ಟೇ. ಯಥಾವತ್ ಪ್ರತಿ ತೆಗೆಯೋಕೆ ಅಂತ ಹುಟ್ಟಿದ ಈ ಯಂತ್ರದಿಂದ 1960ರ ದಶಕದಲ್ಲಿ ಇಟಲಿಯ ಡಿಸೈನರ್ ಬ್ರೂನೊ ಮುನಾರಿ ಮೂಲದಲ್ಲಿ ಇಲ್ಲದ ಚಿತ್ರಗಳನ್ನ ತೆಗೆದ. ಮಾಡಿದ್ದು ಇಷ್ಟೇ: ಮೆಷಿನ್ ಓದ್ತಾ ಇರುವಾಗ ಪೇಪರನ್ನ ಸರಿಸಿದ.

ನಮ್ಮ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲೂ ಇದು ಆಗುತ್ತೆ. ಯಾಕೆ ಅನ್ನೋದು ನಮಗೆ ಸುಲಭವಾಗಿ ಅರ್ಥ ಆಗಬೇಕು. ಕ್ಯಾಮೆರಾ ಥರ ಸ್ಕ್ಯಾನರ್ ಇಡೀ ಚಿತ್ರವನ್ನ ಒಂದೇ ಸಲ ನೋಡಲ್ಲ, ಒಂದೊಂದೇ ಗೆರೆ ಓದುತ್ತಾ ಹೋಗುತ್ತೆ. ಅಂದ್ರೆ ಚಿತ್ರದ ಉದ್ದದ ದಿಕ್ಕು ಜಾಗವೂ ಹೌದು, ಕಾಲವೂ ಹೌದು. ಎ4 ಹಾಳೆಯ ಉದ್ದ 297 ಮಿ.ಮೀ. ಅದನ್ನ ಸುಮಾರು 10 ಸೆಕೆಂಡಿನಲ್ಲಿ ಓದಿದರೆ ಸೆನ್ಸರಿನ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 30 ಮಿ.ಮೀ. ಕೀಯನ್ನ ಅದೇ ದಿಕ್ಕಿಗೆ 15 ಮಿ.ಮೀ. ವೇಗದಲ್ಲಿ ಎಳೆದರೆ ಸಾಪೇಕ್ಷ ವೇಗ ಅರ್ಧ ಆಗುತ್ತೆ, ಕೀ ಎರಡರಷ್ಟು ಉದ್ದ ಬರುತ್ತೆ. ಎದುರು ದಿಕ್ಕಿಗೆ ಅಷ್ಟೇ ವೇಗದಲ್ಲಿ ಎಳೆದರೆ ಮೂರನೇ ಎರಡು ಭಾಗಕ್ಕೆ ಕುಗ್ಗುತ್ತೆ. ಸೆನ್ಸರಿನ ವೇಗದಲ್ಲೇ ಜೊತೆಗೆ ಹೋದರೆ ಒಂದೇ ಗೆರೆ ಮತ್ತೆ ಮತ್ತೆ ಅಚ್ಚಾಗಿ ಬರೀ ಪಟ್ಟೆ ಸಿಗುತ್ತೆ. ಅಡ್ಡಕ್ಕೆ ಎಳೆದರೆ ಕೀ ಓರೆ ಆಗುತ್ತೆ, ಮೆಕ್ಯಾನಿಕ್ಸ್‌ನ ಶಿಯರ್ ಥರ.

ಗಾಜಿಗೆ ಗೀರು ಬೀಳದ ಹಾಗೆ ಮೊದಲು ಒಂದು ಪಾರದರ್ಶಕ ಶೀಟ್ ಹಾಸಿ. ಈ ಕೀ ಕರಗಿ ಹರೀತಾ ಇರೋ ಹಾಗೆ ಕಾಣುತ್ತೆ. ಪಾಸ್‌ವರ್ಡ್ ಕಳವು, ಡೇಟಾ ಸೋರಿಕೆ ಬಗ್ಗೆ ಸೆಮಿನಾರ್ ಇದ್ದರೆ ಪೋಸ್ಟರಿಗೆ ಬೇರೆ ಚಿತ್ರ ಬೇಡ.

ವಿಧಾನ 3: ಬಿಸಿಲಿನಲ್ಲಿ ಅಚ್ಚು

ಸಿವಿಲ್ ಮತ್ತು ಮೆಕ್ಯಾನಿಕಲ್‌ನವರು 'ಬ್ಲೂಪ್ರಿಂಟ್' ಅನ್ನೋ ಪದ ದಿನಾ ಕೇಳ್ತಾರೆ. ಅದರ ಮೂಲ ಸಯನೋಟೈಪ್. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಇದನ್ನ ಕಂಡುಹಿಡಿದ. ಮರುವರ್ಷವೇ ಇಂಗ್ಲೆಂಡಿನ ಆ್ಯನಾ ಅಟ್ಕಿನ್ಸ್ ಕಡಲ ಪಾಚಿಗಳನ್ನ ನೇರ ಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಅಚ್ಚು ತೆಗೆದು ಪುಸ್ತಕವಾಗಿ ಹೊರತರೋಕೆ ಶುರು ಮಾಡಿದಳು. ನಕ್ಷೆಗಳ ಪ್ರತಿ ತೆಗೆಯೋಕೆ ಎಂಜಿನಿಯರುಗಳು ಇದೇ ವಿಧಾನ ಬಳಸಿದ್ದು ಆಮೇಲೆ. ಅಂದ್ರೆ ನಮ್ಮ ವೃತ್ತಿಯ ನೀಲಿ ಬಣ್ಣ ಮತ್ತು ಒಬ್ಬ ಸಸ್ಯಶಾಸ್ತ್ರಜ್ಞೆಯ ಚಿತ್ರಗಳ ನೀಲಿ ಬಣ್ಣ ಒಂದೇ.

ಇದನ್ನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೇಡಂ ಅಥವಾ ಸರ್ ಅನುಮತಿ ಕೇಳಿ ಅವರ ಮುಂದೆಯೇ ಮಾಡಿ. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಒಣಗಿಸಿ. ಗ್ಲೋವ್ಸ್ ಹಾಕಲೇಬೇಕು, ಆಸಿಡ್ ಹತ್ತಿರ ತರಬಾರದು, ಬಿಸಿ ಮಾಡಬಾರದು. ಒಣಗಿದ ಕಾಗದದ ಮೇಲೆ ಕೀ ಇಟ್ಟು ಬಿಸಿಲಿಗೆ ಇಡಿ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಬಿದ್ದಲ್ಲಿ ಕಬ್ಬಿಣದ ಲವಣ ಬದಲಾಗಿ ಪ್ರಷ್ಯನ್ ನೀಲಿ ಹುಟ್ಟುತ್ತೆ, ಕೀ ಮುಚ್ಚಿದ ಜಾಗದ ರಾಸಾಯನಿಕ ನೀರಿನಲ್ಲಿ ತೊಳೆದು ಹೋಗಿ ಬಿಳಿ ಉಳಿಯುತ್ತೆ.

ಎಷ್ಟು ಹೊತ್ತು ಇಡಬೇಕು? ಊಹೆ ಬೇಡ, ಟೆಸ್ಟ್ ಸ್ಟ್ರಿಪ್ ಮಾಡಿ. ಒಂದು ಉದ್ದ ಪಟ್ಟಿಯ ಮೇಲೆ ರಟ್ಟು ಹಿಡಿದು, ಎರಡೆರಡು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಸರಿಸ್ತಾ ಹೋಗಿ. ತೊಳೆದ ಮೇಲೆ ಯಾವ ನೀಲಿ ಇಷ್ಟವೋ ಅದೇ ನಿಮ್ಮ ಸಮಯ. ಇಲ್ಲಿ ಕೀ ಎಕ್ಸ್‌ರೇ ಥರ, ಸ್ವಲ್ಪ ದೆವ್ವದ ಥರ ಕಾಣುತ್ತೆ. ಕೀ ಅಲ್ಲಿಲ್ಲ, ಅದು ಇದ್ದ ಜಾಗ ಮಾತ್ರ ಇದೆ.

ವಿಧಾನ 4: ಅಕ್ಷರವನ್ನ ಕತ್ತರಿಸೋದು

ಹೆನ್ರಿ ಮಾಟೀಸ್ ವಯಸ್ಸಾದ ಮೇಲೆ ಬ್ರಷ್ ಬಿಟ್ಟು ಕತ್ತರಿ ಹಿಡಿದ. ಬಣ್ಣ ಹಚ್ಚಿದ ಕಾಗದ ಕತ್ತರಿಸಿ ಮಾಡಿದ ಅವನ 'ಜಾಝ್' ಪುಸ್ತಕ 1947ರಲ್ಲಿ ಬಂತು. ಕತ್ತರಿಯಲ್ಲಿ ಸಣ್ಣ ಸಣ್ಣ ವಿವರ ಕಷ್ಟ, ಹಾಗಾಗಿ ಆಕಾರದ ಬಗ್ಗೆ ತೀರ್ಮಾನ ಮಾಡಲೇಬೇಕಾಗುತ್ತೆ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ಕನ್ನಡ ಓದ್ತೀನಿ, ಆದರೆ ನಿಧಾನ. ಈ ನಿಧಾನದಿಂದ ಒಂದು ಲಾಭ ಆಯ್ತು: ಅಕ್ಷರ ಶಬ್ದ ಆಗೋ ಮೊದಲು ನನಗೆ ಆಕಾರವಾಗಿ ಕಾಣುತ್ತೆ. ವ, ಪ, ಮ ಹೇಗೆ ಅಕ್ಕ-ತಂಗಿಯರ ಹಾಗಿವೆ ನೋಡಿ. ತಲೆಕಟ್ಟು ತೆಗೆದುಬಿಟ್ಟರೆ ಬರೀ ಬಟ್ಟಲು, ಕೊಕ್ಕೆ, ಸುಳಿ. ಇಂಟರ್‌ನೆಟ್ಟಿನಲ್ಲಿ ಕನ್ನಡವೇ ಗೊತ್ತಿಲ್ಲದವರು ಸಿಟ್ಟಿನಿಂದ ದಿಟ್ಟಿಸೋ ಮುಖಕ್ಕೆ ಠ_ಠ ಅಂತ ಹಾಕ್ತಾರಲ್ಲ, ಅದು ನಮ್ಮ ಠಕಾರ. ಓದೋಕೆ ಬರದವರಿಗೆ ಅಲ್ಲಿ ಕಣ್ಣು ಕಂಡಿತು, ಓದೋಕೆ ಬರುವ ನಮಗೆ ಕಾಣಲಿಲ್ಲ. ಈಗ ನನ್ನ ಕೀ ಪಕ್ಕ ಅದೇ ಠಕಾರವನ್ನ ದೊಡ್ಡದಾಗಿ ಪ್ರಿಂಟ್ ತೆಗೆದು ಕತ್ತರಿಸಿ ಇಟ್ಟರೆ ಅದು ಬೀಗದ ಕಂಡಿ ಆಗುತ್ತೆ.

ರಾಜ್ಯೋತ್ಸವದ ಪೋಸ್ಟರಿನಲ್ಲಿ ಕನ್ನಡ ಬರೀ ಕೆಳಗಿನ ಸಾಲಿನ ಮಾಹಿತಿ ಆಗಿರಬೇಕಿಲ್ಲ ಅಂತ ನಾನು ಹೇಳೋದು ಇದಕ್ಕೇ. ಅಕ್ಷರವೇ ಚಿತ್ರ ಆಗಬಹುದು. ಓದೋಕೆ ಬರದ ಹೊರಗಿನ ಸ್ನೇಹಿತನೂ ಅದರ ಮುಂದೆ ನಿಲ್ಲಬಹುದು, ನಿಂತವನು ಇದು ಯಾವ ಅಕ್ಷರ ಅಂತ ಕೇಳಬಹುದು. ಕನ್ನಡ ಕಲಿಸೋಕೆ ಅದಕ್ಕಿಂತ ಒಳ್ಳೆ ಶುರು ಏನಿದೆ?

ಆರಿಸೋದು

ಪ್ರತಿ ವಿಧಾನಕ್ಕೂ ಎರಡು ಮೂರು ಅಂದ್ರೂ ಹತ್ತು ಚಿತ್ರ ಆಗುತ್ತೆ. ಎಲ್ಲವನ್ನೂ ನೆಲದ ಮೇಲೆ ಹರಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಈ ಮೂರನ್ನ ಕೇಳಿ: ಕೀ ಅಂತ ಎಷ್ಟು ದೂರದಿಂದ ಗೊತ್ತಾಗುತ್ತೆ? ಏನನ್ನ ನೆನಪಿಸುತ್ತೆ? ಬೇರೆ ಯಾವ ವಿಧಾನದಲ್ಲೂ ಬರದ ಏನು ಇದರಲ್ಲಿದೆ? ಉತ್ತರವನ್ನ ಚಿತ್ರದ ಹಿಂದೆ ದಿನಾಂಕದ ಜೊತೆ ಬರೀರಿ. ಆನ್‌ಲೈನ್ ಕೋರ್ಸಿನಲ್ಲಿ ಟೀಚರ್ ನಿಮ್ಮ ಪಕ್ಕ ನಿಂತು ನೋಡಲ್ಲ. ಹಾಗಾಗಿ ಒಬ್ಬ ಸ್ನೇಹಿತ ಬೇಕು, ಅದೂ ಡಿಸೈನ್ ಗೊತ್ತಿಲ್ಲದವನಾದ್ರೆ ಒಳ್ಳೇದು. ಹೊಗಳು ಅಂತ ಹೇಳಬೇಡಿ, ಏನು ಕಾಣ್ತಿದೆ ಅಂತ ಮಾತ್ರ ಹೇಳು ಅನ್ನಿ.

ಉಳಿದ ಚಿತ್ರಗಳನ್ನ ಎಸೀಬೇಡಿ. ಕೋರ್ಸಿನಲ್ಲೂ ಚಿತ್ರಗಳು ಕೊನೆಗೆ ಒಂದು ಪುಸ್ತಕದ ರೂಪಕ್ಕೆ ಬರುತ್ತವೆ. ಒಂದು ಎ4 ಹಾಳೆಯನ್ನ ಮಡಚಿ ಎಂಟು ಪುಟ ಮಾಡಿ, ಯಾವುದರ ಪಕ್ಕ ಯಾವುದು ಅಂತ ಜೋಡಿಸಿ. ಉಜ್ಜಿದ ಕೀ ಪಕ್ಕ ಕರಗಿದ ಕೀ ಬಂದರೆ ಎರಡೂ ಬೇರೆ ಮಾತು ಹೇಳೋಕೆ ಶುರು ಮಾಡುತ್ತವೆ.

ಎಐಗೆ ಪ್ರಾಂಪ್ಟ್ ಕೊಟ್ಟರೆ ಎರಡು ಸೆಕೆಂಡಿನಲ್ಲಿ ಬರುತ್ತಲ್ಲ, ಇಷ್ಟು ಕಷ್ಟ ಯಾಕೆ ಅಂತ ಕೇಳ್ತೀರಿ. ಬರುತ್ತೆ, ಬಳಸಿ. ಆದರೆ ಪ್ರಾಂಪ್ಟ್ ಬರೆಯೋಕೆ ಏನು ಬೇಕು ಅಂತ ಮೊದಲೇ ಗೊತ್ತಿರಬೇಕು. ಕೀಯನ್ನ ಸ್ಕ್ಯಾನರ್ ಮೇಲೆ ಎಳೆಯುವಾಗ ಏನು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬಂದ ಮೇಲೆ ಅದೇ ಬೇಕಿತ್ತು ಅಂತ ಗೊತ್ತಾಯ್ತು. ಹೀಗೆ ಸಿಕ್ಕಿದ್ದು ಕೇಳಿ ಪಡೆದದ್ದಕ್ಕಿಂತ ಬೇರೆ.

ಈ ವಾರದ ಕೆಲಸ

ಒಂದು ವಸ್ತು ಆರಿಸಿ. ಉಜ್ಜೋದು ಮತ್ತು ಕತ್ತರಿಸೋದು ಇವತ್ತೇ ಮಾಡಬಹುದು, ಖರ್ಚು ಏನೂ ಇಲ್ಲ. ಸ್ಕ್ಯಾನರಿಗೆ ಲೈಬ್ರರಿಯಲ್ಲಿ ಕೇಳಿ. ಸಯನೋಟೈಪ್‌ಗೆ ಆಸಕ್ತಿ ಇರೋರು ಐದಾರು ಜನ ಸೇರಿದರೆ ಕ್ಲಬ್ ಕಡೆಯಿಂದ ಲ್ಯಾಬಿಗೆ ಪತ್ರ ಬರೆಯೋಣ. ಹತ್ತು ಚಿತ್ರ ಆದ ಮೇಲೆ ಕ್ಲಬ್ ಮೀಟಿಂಗಿಗೆ ತನ್ನಿ, ಚೆನ್ನಾಗಿ ಬಂದದ್ದನ್ನ ಮಾತ್ರ ಅಲ್ಲ, ಹತ್ತನ್ನೂ ತನ್ನಿ. ನವೆಂಬರ್ 1ರ ಪೋಸ್ಟರಿಗೆ ಚಿತ್ರವನ್ನ ಅದರಿಂದಲೇ ಆರಿಸೋಣ.