ಜಾಹೀರಾತಿಗೆ ಚಿತ್ರ ಏರಿಸುವ ಮುನ್ನ

ಮಾವನ್ನು ಗ್ರಾಹಕರಿಗೆ ನೇರವಾಗಿ ಮಾರುವವರು ಗೂಗಲ್ ಆ್ಯಡ್ಸ್‌ನಲ್ಲಿ ಜಾಹೀರಾತು ಕೊಡಬಹುದು. ಹಲವು ಚಿತ್ರಗಳನ್ನು ಒಂದೇ ಸಲಕ್ಕೆ ಖಾತೆಗೆ ಏರಿಸಲು ಸ್ವಯಂಚಾಲಿತ ತಂತ್ರಾಂಶಗಳುಂಟು. ಆದರೆ ಕೂರಿಗೆಯು ಬೀಜವನ್ನು ಆರಿಸುವುದಿಲ್ಲ, ಹಾಕಿದ್ದನ್ನೇ ಬಿತ್ತುತ್ತದೆ. ತಂತ್ರಾಂಶವೂ ಹಾಗೆಯೇ. ಆದುದರಿಂದ ಮೊದಲೇ ಈ ಕ್ರಮಗಳನ್ನು ಅನುಸರಿಸಿರಿ.

1. ಅಡ್ಡ ಚಿತ್ರ 1200×628, ಚೌಕ ಚಿತ್ರ 1200×1200 ಪಿಕ್ಸೆಲ್ ಇರಲಿ.

2. ಚಿತ್ರವು ಜೆಪಿಜಿ ಅಥವಾ ಪಿಎನ್‌ಜಿ ರೂಪದಲ್ಲಿದ್ದು, 5120 ಕಿಲೋಬೈಟ್ ಮೀರದಿರಲಿ.

3. ಪ್ರತಿ ಕಡತಕ್ಕೂ ತಳಿಯ ಹೆಸರಿಡಿರಿ. ಬಾದಾಮಿಯ ಚಿತ್ರ ತೋತಾಪುರಿಯ ಜಾಹೀರಾತಿಗೆ ಸೇರಿದರೆ ಗ್ರಾಹಕರ ನಂಬಿಕೆ ಕೆಡುವುದು.

4. ಮೊದಲು ಎರಡೇ ಚಿತ್ರ ಏರಿಸಿ ಪರೀಕ್ಷಿಸಿರಿ.

ಏರಿಸಿದ ಮಾತ್ರಕ್ಕೆ ಚಿತ್ರ ಪ್ರಕಟವಾಗದು. ಅದನ್ನು ಜಾಹೀರಾತಿಗೆ ಜೋಡಿಸಬೇಕು, ಪರಿಶೀಲನೆಯಲ್ಲಿ ಒಪ್ಪಿಗೆಯೂ ದೊರೆಯಬೇಕು. ಸುಗ್ಗಿಗೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.