ನೆಲನೆಲ್ಲಿಯ ಗುರುತು ಹೇಳುವ ಅಕ್ಷರಸಾಲು

ಕಾಮಾಲೆ ಎಂದೊಡನೆ ನಮ್ಮ ನಾಡಿನ ಮನೆಗಳಲ್ಲಿ ಮೊದಲು ನೆನಪಾಗುವ ಮೂಲಿಕೆ ನೆಲನೆಲ್ಲಿ. ಕೆಲವೆಡೆ ಇದನ್ನೇ ಕಿರುನೆಲ್ಲಿ ಎನ್ನುತ್ತಾರೆ. ಮಳೆ ಬಿದ್ದೊಡನೆ ಹಿತ್ತಲಿನಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಈ ಪುಟ್ಟ ಗಿಡವನ್ನು ಹಿರಿಯರು ಎಲೆಸಾಲಿನ ಕೆಳಗೆ ತೂಗುವ ಸಾಸಿವೆಯಂಥ ಕಾಯಿಗಳಿಂದ ಗುರುತಿಸುತ್ತಿದ್ದರು. ಹಸಿ ಗಿಡ ಕೈಯಲ್ಲಿದ್ದಾಗ ಇದು ಸಾಧ್ಯ. ಆದರೆ ಇಂದು ಪಟ್ಟಣವಾಸಿಗಳಾದ ನಾವು ಅದನ್ನು ಗ್ರಂಥಿಗೆ ಅಂಗಡಿಯಿಂದ ಒಣಗಿದ ಕಟ್ಟಾಗಿ ಇಲ್ಲವೇ ಪುಡಿಯಾಗಿ ತರುತ್ತೇವೆ. ಪುಡಿಯಾದ ಮೇಲೆ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಪೊಟ್ಟಣದಲ್ಲಿರುವುದು ನೆಲನೆಲ್ಲಿಯೇ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಸಹಕಾರನಗರಕ್ಕೆ ಅನತಿ ದೂರದಲ್ಲಿ, ಬಳ್ಳಾರಿ ರಸ್ತೆಯ ಬದಿಯಲ್ಲಿ ಹಬ್ಬಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಜಿಕೆವಿಕೆ, ಕೃಷಿ ವಿಶ್ವವಿದ್ಯಾನಿಲಯದ ಆವರಣವೆಂದು ಎಲ್ಲರಿಗೂ ಗೊತ್ತು. ಇಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಉಮಾಶಂಕರ್ ಅವರ ಬಳಗವು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿಯ ಮಾದರಿಗಳನ್ನು ತಂದು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಕನ್ನಡದ ಓದುಗರಿಗೆ ಕಾದಂಬರಿಕಾರರಾಗಿ ಪರಿಚಿತರಾದ ಕೆ.ಎನ್. ಗಣೇಶಯ್ಯನವರೂ ಆ ಬಳಗದಲ್ಲಿದ್ದರು. ಶೇಕಡಾ 76ರಷ್ಟು ಮಾದರಿಗಳಲ್ಲಿ ಇದ್ದುದು ಬಹುತೇಕ ನಿಜವಾದ ನೆಲನೆಲ್ಲಿಯೇ. ಉಳಿದ ಶೇಕಡಾ 24ರಲ್ಲಿ ಅದೇ ಕುಲದ ಬೇರೆ ಐದು ಜಾತಿಗಳು ಕಂಡುಬಂದವು. ಈ ಬೆರಕೆಯನ್ನೆಲ್ಲ ಮೋಸವೆಂದು ಕರೆಯಲು ನಮಗೆ ಮನಸ್ಸಿಲ್ಲ. ಈ ಗಿಡಗಳು ಒಂದೇ ಬಯಲಿನಲ್ಲಿ, ಒಂದೇ ಕಾಲದಲ್ಲಿ, ನೋಡಲು ಒಂದೇ ತೆರನಾಗಿ ಬೆಳೆಯುತ್ತವೆ. ಕಿತ್ತು ತರುವ ಕೂಲಿಯವರ ಕೈಯಲ್ಲಿ ಬೆರೆತುಹೋಗುವುದು ಸಹಜ. ಆದರೆ ಯಕೃತ್ತಿಗೆ ಹಿತವಾದ ಅಂಶವು ಎಲ್ಲ ಜಾತಿಗಳಲ್ಲೂ ಒಂದೇ ಪ್ರಮಾಣದಲ್ಲಿ ಇರಬೇಕೆಂಬ ನಿಯಮವಿಲ್ಲ. ಕುಡಿಯುವವನು ರೋಗಿ.

ಪುಡಿಯಲ್ಲೂ ಗುರುತು ಉಳಿದಿರುವುದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಪ್ರತಿಯೊಂದು ಜೀವಕೋಶದಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಅದು ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ: ಎ, ಟಿ, ಜಿ, ಸಿ. ಈ ಅಕ್ಷರಗಳು ಒಂದರ ನಂತರ ಒಂದು ಬರುವ ಕ್ರಮವನ್ನೇ ಅನುಕ್ರಮವೆನ್ನುತ್ತೇವೆ. ಪೂರ್ತಿ ಗ್ರಂಥವನ್ನು ಓದಬೇಕಾಗಿಲ್ಲ. ಒಂದು ಜಾತಿಯೊಳಗೆ ಹೆಚ್ಚು ಬದಲಾಗದ, ಜಾತಿಯಿಂದ ಜಾತಿಗೆ ಬದಲಾಗುವ ಒಂದೆರಡು ಪುಟ ಸಿಕ್ಕಿದರೆ ಸಾಕು. ಸಸ್ಯಗಳಿಗಾಗಿ ಇಂಥ ಎರಡು ಪುಟಗಳನ್ನು 2009ರಲ್ಲಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಮಂಡಳಿಯೊಂದು ಗೊತ್ತುಪಡಿಸಿತು. ಎರಡೂ ಎಲೆಯ ಹಸಿರು ಕಣಗಳಾದ ಕ್ಲೋರೊಪ್ಲಾಸ್ಟ್‌ಗಳ ಡಿಎನ್‌ಎಗೆ ಸೇರಿದವು. ಇದಕ್ಕೆ ಡಿಎನ್‌ಎ ಬಾರ್‌ಕೋಡ್ ಎಂಬ ಹೆಸರು ಬಿದ್ದಿದೆ.

ಓದಿದ ಸಾಲನ್ನು ಮೊದಲೇ ಗೊತ್ತಿರುವ ಸಾಲಿನೊಡನೆ ಹೋಲಿಸಬೇಕು. ಇಲ್ಲಿ ಗಣಿತ ಬರುತ್ತದೆ. ನಮ್ಮ ಊರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂ-ಗ-ಳೂ-ರು ಎಂಬ ನಾಲ್ಕು ಅಕ್ಷರಗಳನ್ನು ಬೆಂ-ದ-ಕಾ-ಳೂ-ರು ಎಂಬ ಐದರ ಕೆಳಗೆ ಮೊದಲಿನಿಂದ ಜೋಡಿಸುತ್ತಾ ಹೋದರೆ ಮೊದಲ ಅಕ್ಷರವೊಂದೇ ಹೊಂದುತ್ತದೆ. ‘ದ’ ಎಂಬುದರ ಕೆಳಗೆ ಒಂದು ಖಾಲಿ ಜಾಗ ಬಿಟ್ಟು ಜೋಡಿಸಿದರೆ ಬೆಂ, ಳೂ, ರು ಮೂರೂ ಕೂಡಿಕೊಳ್ಳುತ್ತವೆ. ‘ಗ’ ಮತ್ತು ‘ಕಾ’ ಮಾತ್ರ ಎದುರುಬದುರಾಗಿ ನಿಲ್ಲುತ್ತವೆ. ಹೊಂದಿದ ಅಕ್ಷರಕ್ಕೆ ಒಂದು ಅಂಕ ಕೂಡಿಸಿ, ಹೊಂದದ ಅಕ್ಷರಕ್ಕೂ ಖಾಲಿ ಜಾಗಕ್ಕೂ ಒಂದೊಂದು ಅಂಕ ಕಳೆದರೆ, ಮೊದಲನೆಯ ಜೋಡಣೆಗೆ ಋಣ ಮೂರು, ಎರಡನೆಯದಕ್ಕೆ ಧನ ಒಂದು. ಎರಡನೆಯದೇ ಉತ್ತಮ. ಹೆಸರು ಚಿಕ್ಕದಾದ್ದರಿಂದ ನಾವು ಕಣ್ಣಳತೆಯಲ್ಲೇ ಮಾಡಿದೆವು. ಆರುನೂರು ಅಕ್ಷರಗಳ ಎರಡು ಸಾಲುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬುದು ಎಣಿಕೆಗೆ ನಿಲುಕದ ಸಂಖ್ಯೆ. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಎಂಬಿಬ್ಬರು ಇದಕ್ಕೆ ದಾರಿ ತೋರಿದರು. ಒಂದು ಸಾಲನ್ನು ಅಡ್ಡಲಾಗಿ, ಇನ್ನೊಂದನ್ನು ಕೆಳಮುಖವಾಗಿ ಬರೆದು ಚೌಕಮಣೆಯಂತೆ ಮನೆಗಳನ್ನು ಮಾಡುವುದು. ಪ್ರತಿ ಮನೆಯ ಅಂಕವನ್ನು ಪಕ್ಕದ, ಮೇಲಿನ, ಮೂಲೆಯ ಮೂರು ಮನೆಗಳಿಂದ ಲೆಕ್ಕ ಹಾಕುವುದು. ಸುಮಾರು 3,60,000 ಮನೆ ತುಂಬಿದರೆ ಅತ್ಯುತ್ತಮ ಜೋಡಣೆ ಖಚಿತವಾಗಿ ಸಿಗುತ್ತದೆ. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಆದರೆ ಲಕ್ಷಾಂತರ ಸಾಲುಗಳ ಭಂಡಾರದಲ್ಲಿ ಹುಡುಕುವಾಗ ಇದೂ ನಿಧಾನವೇ. ಆದ್ದರಿಂದ 1990ರಲ್ಲಿ ಬಂದ ಬ್ಲಾಸ್ಟ್ ಎಂಬ ವಿಧಾನವು ಮೊದಲು ಚಿಕ್ಕ ತುಣುಕುಗಳ ಹೊಂದಿಕೆಯನ್ನು ಹುಡುಕಿ, ಸಿಕ್ಕಲ್ಲಿ ಮಾತ್ರ ಎರಡೂ ಕಡೆಗೆ ವಿಸ್ತರಿಸುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆ ಎಷ್ಟೇ ಸೊಗಸಾಗಿದ್ದರೂ, ಬೆಂಗಳೂರು ಎಂಬ ಹೆಸರು ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ಶಾಸನದಲ್ಲೇ ಇದೆ. ಅಕ್ಷರಗಳು ಹೊಂದಿದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲಾಗದು. ಜೀವವಿಜ್ಞಾನದಲ್ಲಿಯೂ ಹಾಗೆಯೇ, ಈ ಹೊಂದಿಕೆ ಕಾಕತಾಳೀಯವಾಗಿ ಬರುವ ಸಂಭವವೆಷ್ಟೆಂದು ಲೆಕ್ಕ ಹಾಕದೆ ಯಾರೂ ತೀರ್ಪು ಕೊಡುವುದಿಲ್ಲ.

ಅನುಕ್ರಮದ ಈ ವಿಚಾರ ಜೀವವಿಜ್ಞಾನಕ್ಕಷ್ಟೇ ಸೀಮಿತವಲ್ಲ. ಗಿರಾಕಿಗಳು ಯಾವ ಸರಕಿನ ನಂತರ ಯಾವುದನ್ನು ಕೊಳ್ಳುತ್ತಾರೆಂಬ ಕ್ರಮವನ್ನು ದತ್ತಾಂಶದ ರಾಶಿಯಿಂದ ಹೆಕ್ಕುವ ವಿಧಾನವನ್ನು ರಾಕೇಶ್ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1995ರಲ್ಲಿ ರೂಪಿಸಿದರು. ಅದು ಬೇರೆಯೇ ಲೇಖನದ ವಸ್ತು.

ಜಿಕೆವಿಕೆ ಆವರಣದಲ್ಲೇ ಇರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದವರು 2015ರಲ್ಲಿ ಕೃಷ್ಣತುಳಸಿಯ ಇಡೀ ಜೀನೋಮನ್ನು ಓದಿ ಪ್ರಕಟಿಸಿದರು. ಬೇರೆ ಸಸ್ಯಗಳಲ್ಲಿ ಈಗಾಗಲೇ ತಿಳಿದಿದ್ದ ವಂಶವಾಹಿಗಳೊಡನೆ ಹೋಲಿಸಿ, ಅರ್ಸೋಲಿಕ್ ಆಮ್ಲದಂಥ ವಸ್ತುಗಳನ್ನು ತಯಾರಿಸುವ ವಂಶವಾಹಿಗಳನ್ನು ಗುರುತಿಸಿದರು. ಇದರಿಂದ ತುಳಸಿ ಇಂಥ ರೋಗವನ್ನು ಗುಣಪಡಿಸುತ್ತದೆಂದು ಸಿದ್ಧವಾಯಿತೆಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಅಡುಗೆಯ ವಿಧಾನ ಬರೆದ ಚೀಟಿ ದೊರೆತಿದೆ, ಅಷ್ಟೇ. ಊಟದ ಗುಣವನ್ನು ರೋಗಿಗಳ ಮೇಲಿನ ಪರೀಕ್ಷೆಯೇ ಹೇಳಬೇಕು.

ಬಾರ್‌ಕೋಡಿಗೂ ಮಿತಿಗಳಿವೆ. ಅದು ಗಿಡದ ಹೆಸರು ಹೇಳುತ್ತದೆ, ಸತ್ವ ಹೇಳುವುದಿಲ್ಲ. ಬೂಷ್ಟು ಹಿಡಿದಿದೆಯೇ, ಸೀಸ ಸೇರಿದೆಯೇ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಬಹಳ ಹೊತ್ತು ಕುದಿಸಿದ ಕಷಾಯದಲ್ಲಿ ಡಿಎನ್‌ಎ ಚೂರುಚೂರಾಗಿ ಓದಲು ಸಿಗದೆಯೂ ಹೋಗಬಹುದು. ಅಶೋಕದ ತೊಗಟೆಯಂಥ ಕಚ್ಚಾ ಸರಕಿನಲ್ಲಾದರೋ ಇದು ಬಹಳ ಉಪಯುಕ್ತ. ಸ್ತ್ರೀಯರ ಅಧಿಕ ರಕ್ತಸ್ರಾವಕ್ಕೆ ಆಯುರ್ವೇದ ಹೇಳುವ ಸೀತಾ ಅಶೋಕವೇ ಬೇರೆ, ರಸ್ತೆಬದಿಯಲ್ಲಿ ಕಂಬದಂತೆ ನೇರವಾಗಿ ಬೆಳೆಯುವ ಮರವೇ ಬೇರೆ. ಹೆಸರೊಂದೇ ಆದ್ದರಿಂದ ಎರಡನೆಯದರ ತೊಗಟೆ ಮೊದಲನೆಯದಾಗಿ ಮಾರಾಟವಾಗುತ್ತದೆ.

ಭಕ್ತಾದಿಗಳಲ್ಲಿ ನಮ್ಮ ಅರಿಕೆ ಇಷ್ಟು. ಕಣ್ಣು ಹಳದಿಯಾದರೆ ಮೊದಲು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿರಿ. ಕಾಮಾಲೆ ರೋಗವಲ್ಲ, ರೋಗದ ಲಕ್ಷಣ. ವೈರಾಣುವಿನಿಂದಲೂ ಬರುತ್ತದೆ, ಪಿತ್ತನಾಳದಲ್ಲಿ ಕಲ್ಲು ಸಿಲುಕಿದಾಗಲೂ ಬರುತ್ತದೆ, ಎರಡಕ್ಕೂ ಚಿಕಿತ್ಸೆ ಬೇರೆ. ಗರ್ಭಿಣಿಯರಿಗೆ ಹೆಪಟೈಟಿಸ್-ಇ ಪ್ರಾಣಾಪಾಯ ತರಬಲ್ಲದಾದ್ದರಿಂದ ಅವರ ವಿಷಯದಲ್ಲಿ ಒಂದು ದಿನವೂ ಕಾಯಬಾರದು. ಮೂಲಿಕೆ ಸೇವಿಸುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ; ಸಾಧ್ಯವಾದರೆ ಆ ಪೊಟ್ಟಣವನ್ನೂ ಜೊತೆಯಲ್ಲಿ ಒಯ್ಯಿರಿ.