‘ಒಬೇ’ಗೆ ‘ಟು’ ಬೇಡ

ನಮ್ಮ ಕೈಗೆ ಬರುವ ಸುತ್ತೋಲೆ, ವಿವಾಹ ಸಿದ್ಧತೆಯ ಅರ್ಜಿ, ಮಕ್ಕಳ ಶಾಲೆಯ ಮುಚ್ಚಳಿಕೆ, ಹೆಚ್ಚಿನವೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ಕೊನೆಯಲ್ಲಿ ಒಂದು ಸಾಲು, ಅದರ ಕೆಳಗೆ ನಮ್ಮ ಸಹಿ. ಆ ಸಾಲಿನ ಕ್ರಿಯಾಪದ ನಮ್ಮಿಂದ ಏನನ್ನು ಕೇಳುತ್ತಿದೆ ಎಂದು ತಿಳಿದೇ ಸಹಿ ಹಾಕಬೇಕು. ನಾವು ‘ಪಾಲಿಸು’ ಎಂದು ಮುಗಿಸಿಬಿಡುವುದನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿದೆ.

ಮೊದಲನೆಯದು ‘ಒಬೇ’. ಇದರ ಲ್ಯಾಟಿನ್ ಮೂಲದಲ್ಲಿರುವುದು ಕಿವಿಗೊಡುವ ಕೆಲಸ. ನಮಗಿದು ಹೊಸದಲ್ಲ: ‘ಹುಡುಗ ಮಾತು ಕೇಳುವುದಿಲ್ಲ’ ಎಂದು ತಾಯಿ ಹೇಳಿದರೆ ಅವನು ಕಿವುಡನೆಂದು ಯಾರೂ ತಿಳಿಯುವುದಿಲ್ಲ. ಸಂತ ಬೆನೆಡಿಕ್ಟರ ಮಠನಿಯಮ ಶುರುವಾಗುವುದೂ ಕೇಳೆಂಬ ಕರೆಯಿಂದಲೇ. ಗುರುಪಟ್ಟದ ದಿನ ಧರ್ಮಾಧ್ಯಕ್ಷರಿಗೆ ಕೊಡುವ ಮಾತಿನಲ್ಲಿರುವುದು ಈ ವಿಧೇಯತೆ. ಆದರೆ ‘ಗುರುಗಳಿಗೆ ವಿಧೇಯನಾಗು’ ಎಂಬಲ್ಲಿಯ ‘ಗೆ’ ನಮ್ಮನ್ನು ‘ಒಬೇ ಟು’ ಎಂದು ಬರೆಸುತ್ತದೆ. ತಮಿಳು ಮಾತಾಡುವ ನೆರೆಯವರಿಗೂ ಇಲ್ಲೇ ಎಡವು. ‘ಒಬೇ ದ ರೂಲ್ಸ್’ ಎಂದರೆ ಸಾಕು.

‘ಕಂಪ್ಲೈ’ಗೆ ಮಾತ್ರ ‘ವಿತ್’ ಬೇಕು. ಇದು ಕಚೇರಿಯ ಪದ. ಕಟ್ಟಡದ ಸುರಕ್ಷತೆ, ತೆರಿಗೆ, ವಾಹನದ ಹೊಗೆ ತಪಾಸಣೆ ಇವುಗಳಿಗೆ ಹೊಂದುತ್ತದೆ. ಹೇಳಿದ್ದನ್ನು ಮಾಡಿದರಾಯಿತು, ಮನಸ್ಸು ಒಪ್ಪಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಮುನಿಸಿಕೊಂಡೇ ಕಂಪ್ಲೈ ಮಾಡಬಹುದು!

‘ಅಬೈಡ್’ ಹಳೆಯ ಇಂಗ್ಲಿಷ್ ಪದ. ಕಾದಿರು, ನೆಲೆಸಿರು ಎಂಬುದು ಅದರ ಮೊದಲ ಅರ್ಥ. ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯದ ದ್ರಾಕ್ಷಾಬಳ್ಳಿಯ ಭಾಗದಲ್ಲಿ ಹಳೆಯ ಇಂಗ್ಲಿಷ್ ಬೈಬಲ್ಲುಗಳು ಬಳಸುವುದು ಇದನ್ನೇ, ‘ಇನ್’ ಜೊತೆಗೆ. ‘ಬೈ’ ಸೇರಿದರೆ ತೀರ್ಪಿಗೆ, ಒಪ್ಪಂದಕ್ಕೆ ಬದ್ಧನಾಗಿರುವುದು. ತೀರ್ಪು ನಮಗೆ ವಿರುದ್ಧವಾಗಿ ಬಂದರೂ ಸರಿ. ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿ, ಮೂಲಭೂತ ಕರ್ತವ್ಯಗಳಲ್ಲಿ ಮೊದಲನೆಯದನ್ನು ಹೇಳುವಾಗ ‘ಅಬೈಡ್ ಬೈ’ ಎಂದೇ ಬಳಸಿದೆ. ಬರೇ ‘ಕಂಪ್ಲೈ’ ಎಂದಿದ್ದರೆ ಅದು ಬಡವಾಗುತ್ತಿತ್ತು ಎಂದು ನಮಗನ್ನಿಸುತ್ತದೆ.

ಉಪವಾಸ, ಹಬ್ಬ, ಮೌನ ಇವುಗಳಿಗೆ ‘ಅಬ್ಸರ್ವ್’. ಪರಮಪ್ರಸಾದ ಸ್ವೀಕರಿಸುವ ಮುನ್ನ 1 ಗಂಟೆಯ ಉಪವಾಸವನ್ನು ಅಬ್ಸರ್ವ್ ಮಾಡುತ್ತೇವೆ, ನೋಡುತ್ತಾ ಕೂರುವುದೆಂದಲ್ಲ. ‘ಅಡ್‌ಹಿಯರ್ ಟು’ ಎಂದರೆ ಅಂಟಿಕೊಳ್ಳುವುದು, ವೈದ್ಯರು ಹೇಳಿದ ಪಥ್ಯಕ್ಕೆ, ನಂಬಿದ ಬೋಧನೆಗೆ. ಅದರ ಮನೆಮಾತಿನ ರೂಪ ‘ಸ್ಟಿಕ್ ಟು’.

ಇನ್ನು ಕೊಟ್ಟ ಮಾತು. ಇಂಗ್ಲಿಷ್ ಇದಕ್ಕೆ ‘ಕೀಪ್’ ಎನ್ನುತ್ತದೆ. ನಾವು ‘ಮಾತು ಉಳಿಸಿಕೊಂಡ’ ಎನ್ನುತ್ತೇವೆ. ಇಲ್ಲಿ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ. ವಿವಾಹ ಸಿದ್ಧತೆಯ ಅರ್ಜಿ ತುಂಬುವ ಯುವಜನರು ಇದನ್ನು ಗಮನಿಸಬೇಕು: ಮದುವೆಯ ವಚನವನ್ನು ‘ಕೀಪ್’ ಮಾಡುತ್ತೇವೆ ಅಥವಾ ‘ಆನರ್’ ಮಾಡುತ್ತೇವೆ. ‘ಕಂಪ್ಲೈ’ ಎಂದು ಬರೆದರೆ ಹೆಂಡತಿ ಪುರಸಭೆಯ ನೋಟಿಸ್ ಆಗಿಬಿಡುತ್ತಾಳೆ. ವ್ಯಕ್ತಿಗೆ ನಿಷ್ಠೆಯೆಂದರೆ ‘ಫೇತ್‌ಫುಲ್ ಟು’. ಕಾಯಿಲೆಯಲ್ಲಿ, ಸಾಲದಲ್ಲಿ ಕೈಬಿಡದೆ ಜೊತೆಗೆ ನಿಂತರೆ ‘ಸ್ಟ್ಯಾಂಡ್ ಬೈ’. ಇವೆರಡನ್ನೂ ಕೂಡಿಸಿ ಒಂದೇ ಪದವಾಗಿ ಬರೆಯಬೇಡಿ. ಆಗ ಅದು ಕರೆಂಟು ಹೋದಾಗ ಚಾಲೂ ಮಾಡುವ ಜನರೇಟರಿಗೆ ಹೇಳುವ ಮಾತಾಗುತ್ತದೆ.